ಗಾಳಿ ಬರೆಸಿದ ಪ್ರವಾಸ: ದ್ವೀಪಗಳ ನಡುವೆ ಇಬ್ನ್ ಬತೂತ

ಜೂನ್ ತಿಂಗಳ ಮೊದಲ ವಾರದಲ್ಲಿ ಒಮ್ಮೆ ನಾವು ಮಲ್ಪೆಯ ದಕ್ಕೆಯಲ್ಲಿ ನಿಂತಿದ್ದೆವು. ಮೀನುಗಾರಿಕೆಗೆ ರಜೆ. ದೋಣಿಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ಹಟ್ಟಿಯ ದನಗಳಂತೆ ಮಳೆಯಲ್ಲಿ ನೆನೆಯುತ್ತಿದ್ದವು. ಬೆನ್ನಿಗೆ ತನ್ನ ತಲೆಗಿಂತ ಎತ್ತರದ ಚೀಲ ಹೊತ್ತ ಹುಡುಗನೊಬ್ಬ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದ. ಇವತ್ತು ಈ ದ್ವೀಪ, ನಾಳೆ ಮುರ್ಡೇಶ್ವರದ ಎದುರಿನ ನೇತ್ರಾಣಿ, ಆಮೇಲೆ ಗೋವೆ, ಅಲ್ಲಿಂದ ಲಕ್ಷದ್ವೀಪ ಎಂದು ಅವನ ಲೆಕ್ಕಾಚಾರ. ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ತಲೆಯೆತ್ತದೆಯೇ, "ಕಡಲು ಮುಚ್ಚಿದೆ ಮಗಾ" ಎಂದರು. ಯಾವಾಗ ತೆರೆಯುತ್ತದೆ ಎಂದರೆ, ನೂಲ ಹುಣ್ಣಿಮೆ ಕಳೆಯಲಿ ಎಂಬ ಉತ್ತರ. ಹುಡುಗ ಮೊಬೈಲು ತೆಗೆದು ನೋಡಿದ, ಆಕಾಶ ನೋಡಿದ, ಚೀಲ ಕೆಳಗಿಟ್ಟು ಅದರ ಮೇಲೆಯೇ ಕುಳಿತುಬಿಟ್ಟ.

ಕಡಲಿಗೂ ಬಾಗಿಲಿದೆ, ಅದು ಮುಚ್ಚುತ್ತದೆ ಮತ್ತು ತೆರೆಯುತ್ತದೆ ಎಂಬ ಮಾತು ಕೇಳಿದಾಗ ನಮಗೆ ನೆನಪಾದದ್ದು ಇನ್ನೊಬ್ಬ ಚೀಲ ಹೊತ್ತವನು. ಉರ್ದು ಶಾಲೆಯಲ್ಲಿದ್ದಾಗ ಅವನು ನಮಗೆ 'ಇಬ್ನೆ ಬತೂತಾ'. ಉಸ್ತಾದರು ಅವನ ಹೆಸರು ಹೇಳುವಾಗ ಅವರ ಎದೆ ಸ್ವಲ್ಪ ಉಬ್ಬುತ್ತಿತ್ತು. ನಮ್ಮವನು, ಜಗತ್ತನ್ನೇ ಗೆದ್ದವನು ಎಂಬ ಧಾಟಿ. ಕನ್ನಡ ಶಾಲೆಗೆ ಬಂದ ಮೇಲೆ ಅವನು ಮೆಗಸ್ತನೀಸ್, ಹ್ಯುಯೆನ್‌ತ್ಸಾಂಗರ ಸಾಲಿನಲ್ಲಿ ನಿಂತ 'ವಿದೇಶೀ ಪ್ರವಾಸಿಗ'ನಾದ, ಎರಡು ಅಂಕದ ಪ್ರಶ್ನೆಯಾದ. ಎರಡು ಶಾಲೆಗಳಲ್ಲೂ ಯಾರೂ ಹೇಳದೆ ಬಿಟ್ಟದ್ದೊಂದಿದೆ. ನಮ್ಮ ಕರಾವಳಿಯಲ್ಲಿ, ಮಾಲ್ದೀವ್ಸ್‌ನಲ್ಲಿ, ಸಿಂಹಳದಲ್ಲಿ ಅವನು ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಅವನು ಹೋಗಬೇಕೆಂದುಕೊಂಡ ಊರು ಸೇರಿದ್ದು ಕಡಿಮೆ. ಗಾಳಿ ಒಯ್ದು ಬಿಟ್ಟ ಊರಿನಲ್ಲಿ ಇಳಿದದ್ದೇ ಹೆಚ್ಚು. ಇವತ್ತು ನಾವು ಮೆಚ್ಚಿಕೊಂಡು ಓದುವ ಅವನ ಪ್ರವಾಸದ ದೊಡ್ಡ ಭಾಗವೊಂದು ತಪ್ಪಿದ ದಾರಿಗಳ ಕಥೆ. ದಾರಿ ತಪ್ಪಿದಾಗಲೆಲ್ಲ ಅದರ ಬೆಲೆ ತೆತ್ತವರು ಯಾರು ಎಂಬುದು ನಮ್ಮನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಪ್ರಶ್ನೆ.

1304ರಲ್ಲಿ ಮೊರಾಕ್ಕೊದ ತಾಂಜಿಯರ್‌ನಲ್ಲಿ ಹುಟ್ಟಿದ ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನ್ ಬತೂತ 1325ರ ಜೂನ್‌ನಲ್ಲಿ ಹಜ್ ಯಾತ್ರೆಗೆಂದು ಒಬ್ಬನೇ ಮನೆ ಬಿಟ್ಟ. ಆಗ ವಯಸ್ಸು 21. ಕಾನೂನು ಓದಿದ ಮನೆತನ. ಅರಬಿ ಭಾಷೆ ಮತ್ತು ಮಾಲಿಕಿ ಫಿಕ್ಹ್ ಇವೆರಡೇ ಅವನ ಬಂಡವಾಳ. ಮಸೀದಿ, ಮದರಸ, ಖಾನ್‌ಖಾಗಳು ಇರುವ ಊರುಗಳಲ್ಲೆಲ್ಲ ಈ ಬಂಡವಾಳಕ್ಕೆ ಊಟ, ಹಾಸಿಗೆ, ಕೆಲವೊಮ್ಮೆ ಉದ್ಯೋಗವೂ ಸಿಗುತ್ತಿತ್ತು. 1333ರಲ್ಲಿ ಸಿಂಧೂ ನದಿ ದಾಟಿ ಬಂದು ಮುಹಮ್ಮದ್ ಬಿನ್ ತುಘಲಕನ ದೆಹಲಿಯಲ್ಲಿ ಖಾಜಿಯಾದ. ಅಲ್ಲಿ ಸಿರಿಯನ್ನೂ ಕಂಡ, ಸುಲ್ತಾನನ ಸಿಟ್ಟಿನ ನೆರಳಲ್ಲಿ ಜೀವಭಯವನ್ನೂ ಕಂಡ. ಕೊನೆಗೆ 1341-42ರ ಸುಮಾರಿಗೆ ಚೀನಾದ ಚಕ್ರವರ್ತಿಯ ಬಳಿಗೆ ಸುಲ್ತಾನನ ರಾಯಭಾರಿಯಾಗಿ ಹೊರಟ. ಜೊತೆಗೆ 100 ಕುದುರೆ, ನೂರಾರು ಗುಲಾಮರು ಮತ್ತು ನರ್ತಕಿಯರು, ರೇಷ್ಮೆ, ಹತ್ತಿಬಟ್ಟೆ, ಚಿನ್ನಬೆಳ್ಳಿಯ ಪಾತ್ರೆಗಳು. ಈಗ ಅವನು ಚೀಲ ಹೊತ್ತ ಹುಡುಗನಲ್ಲ, ದೊಡ್ಡ ಮನುಷ್ಯ.

ಮುಂದಿನ ಕಥೆಗೆ ಕಡಲಿನ ಬಾಗಿಲಿನ ವಿಷಯ ಸ್ವಲ್ಪ ತಿಳಿದಿರಬೇಕು. ಉರ್ದುವಿನಲ್ಲಿ ನಾವು ಹವಾಮಾನಕ್ಕೆ 'ಮೌಸಮ್' ಎನ್ನುತ್ತೇವೆ. ಅರಬಿಯ 'ಮೌಸಿಮ್' ಎಂದರೆ ನಿಗದಿಯಾದ ಕಾಲ, ಋತು. ನಾವಿಕರ ಬಾಯಲ್ಲಿ ಅದು ಹಡಗು ಹೊರಡುವ ಕಾಲವಾಯಿತು. ಯುರೋಪಿನವರ ಬಾಯಿಗೆ ಹೋಗಿ 'ಮಾನ್ಸೂನ್' ಆಗಿ ನಮಗೇ ವಾಪಸ್ಸು ಬಂತು. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಗಾಳಿ ಮೇಲೇರಿದಾಗ ಕಡಲಿನ ಗಾಳಿ ನೈಋತ್ಯದಿಂದ ನುಗ್ಗುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ಈಶಾನ್ಯದಿಂದ ತಿರುಗಿ ಬೀಸುತ್ತದೆ. ಹಾಯಿಹಡಗಿನ ಕಾಲದ ವ್ಯಾಪಾರವೆಲ್ಲ ಈ ಹೋಗಿಬರುವ ಗಾಳಿಯ ಬೆನ್ನೇರಿ ನಡೆಯುತ್ತಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಕರಾವಳಿಯ ಬಂದರುಗಳು ಸತ್ತಂತೆ ಮಲಗುತ್ತಿದ್ದವು. ಒಂದು ತಿಂಗಳು ತಡವಾದರೆ ವ್ಯಾಪಾರಿ ಅರ್ಧ ವರ್ಷ ಕಾಯಬೇಕು. ಕಾಯುವವರು ಮನೆ ಮಾಡುತ್ತಿದ್ದರು, ಮದುವೆಯಾಗುತ್ತಿದ್ದರು. ನಮ್ಮ ಕರಾವಳಿಯ ನವಾಯತರು, ಮಲಬಾರಿನ ಮಾಪಿಳ್ಳೆಗಳು ಇಂಥ ಕಾಯುವಿಕೆಯ ಮಕ್ಕಳು ಎಂದರೆ ತಪ್ಪಾಗಲಾರದು.

ರಾಯಭಾರಿ ಖಂಭಾತ್ ಕೊಲ್ಲಿಯ ಗಂಧಾರ್ ಬಂದರಿನಲ್ಲಿ ಹಡಗೇರಿ ತೀರದುದ್ದಕ್ಕೂ ಇಳಿದು ಬಂದ. ಗೋವೆಯನ್ನು ಅವನು ಸಂದಾಬೂರ್ ಎಂದು, ಹೊನ್ನಾವರವನ್ನು ಹಿನೌರ್ ಎಂದು ಕರೆದಿದ್ದಾನೆ. ಬಸರೂರು ಅವನ ಕಿವಿಯಲ್ಲಿ ಅಬೂ ಸರೂರ್ ಆಗಿದೆ, ಬಾರ್ಕೂರು ಫಾಕನೂರ್, ಮಂಗಳೂರು ಮಂಜರೂರ್. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದೂ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಬರೆಸಿದ್ದಾನೆ. ಈ 13ರ ಅಂಕಿಯನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ನಾವೂ ಒಂದೆರಡು ಭಾಷಣಗಳಲ್ಲಿ ಬಳಸಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಅಲ್ಲಿನ ಸುಲ್ತಾನ ಜಮಾಲುದ್ದೀನ್ 'ಹರ್ಯಬ್' ಎಂಬ ಹಿಂದೂ ಅರಸನ ಅಧೀನನೆಂದೂ ಅವನು ಹೇಳುತ್ತಾನೆ; ಹಲವು ಇತಿಹಾಸಕಾರರು ಈ ಹೆಸರಿನಲ್ಲಿ ವಿಜಯನಗರದ ಹರಿಹರನನ್ನು ಕಾಣುತ್ತಾರೆ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರಂತೆ. ಇವೆಲ್ಲ ಮೆರವಣಿಗೆಯಲ್ಲಿ ಹೋಗುವವನು ಕಂಡ ನೋಟಗಳು. ಎರಡನೆಯ ಸಲ ಹೊನ್ನಾವರಕ್ಕೆ ಬಂದಾಗ ಅವನ ಸ್ಥಿತಿ ಹಾಗಿರಲಿಲ್ಲ.

ಕಲ್ಲಿಕೋಟೆಯಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದವು. ಚೀನಾಕ್ಕೆ ಹೊರಡುವ ಕಾಲ ಬರಲೆಂದು ಅವನು ಮೂರು ತಿಂಗಳು ಕಾದ. ದೊಡ್ಡ ಜಂಕ್ ಎಂದರೆ ತೇಲುವ ಊರು: ನಾಲ್ಕು ಅಂತಸ್ತು, ಬಿದಿರು ಹೆಣೆದ 12 ಹಾಯಿಗಳವರೆಗೆ, 600 ನಾವಿಕರು, 400 ಸೈನಿಕರು. ನಾವಿಕರ ಮಕ್ಕಳು ಅಲ್ಲಿಯೇ ಬೆಳೆಯುತ್ತಾರೆ, ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿ ಬೆಳೆಸುತ್ತಾರೆ. ಆದರೆ ಒಳ್ಳೆಯ ಕೋಣೆಗಳನ್ನೆಲ್ಲ ಚೀನೀ ವರ್ತಕರು ಮೊದಲೇ ಹಿಡಿದಿದ್ದರು. ಇವನಿಗೆ ಸಿಕ್ಕ ಕೋಣೆಯಲ್ಲಿ ಶೌಚಕ್ಕೆ ಅನುಕೂಲವಿರಲಿಲ್ಲ. ಹಾಗಾಗಿ ತನ್ನ ಸಾಮಾನು, ಗುಲಾಮರು, ದಾಸಿಯರನ್ನೆಲ್ಲ 'ಕಕಮ್' ಎಂಬ ಚಿಕ್ಕ ಹಡಗಿಗೆ ಸಾಗಿಸಿ, ಮರುದಿನದ ಜುಮಾ ನಮಾಜಿಗೆಂದು ತಾನು ದಡದಲ್ಲೇ ಉಳಿದ. ಒಂದು ಕಕ್ಕಸು ಕೋಣೆ ಮತ್ತು ಒಂದು ಜುಮಾ; ಇವೆರಡು ಅವನ ಜೀವ ಉಳಿಸಿದವು ಎಂದರೆ ನಗಬೇಡಿ.

ಆ ಕಡಲು ದಿನವೂ ಅಸರ್ ಹೊತ್ತು ಕಳೆದ ಮೇಲೆ ಉಕ್ಕುತ್ತಿತ್ತು, ಆಗ ಯಾರೂ ಹಡಗೇರಲಾಗುತ್ತಿರಲಿಲ್ಲ. ಉಡುಗೊರೆಗಳಿದ್ದ ಜಂಕ್ ಇನ್ನೂ ಬಂದರಿನ ಹೊರಗೆ ನಿಂತಿತ್ತು. ರಾತ್ರಿ ಬಿರುಗಾಳಿ ಎದ್ದು ಅದನ್ನು ದಡದತ್ತ ತಂದು ಒಡೆದು ಹಾಕಿತು. ಬೆಳಿಗ್ಗೆ ಮರಳಿನ ಮೇಲೆ ಅವನು ಜೊತೆಯ ರಾಯಭಾರಿಗಳಾದ ಜಹೀರುದ್ದೀನ್ ಮತ್ತು ಸುಂಬುಲ್ ಇಬ್ಬರ ಹೆಣಗಳನ್ನು ಕಂಡ. ಒಬ್ಬನ ತಲೆ ಒಡೆದಿತ್ತು, ಇನ್ನೊಬ್ಬನ ಕಣತಲೆಗೆ ಮೊಳೆ ಹೊಕ್ಕಿತ್ತು. ಇಬ್ಬರಿಗೂ ಜನಾಜಾ ನಮಾಜು ಮಾಡಿ ಮಣ್ಣು ಮಾಡಿದರು. ಸಾಮೂದಿರಿ ಅರಸ ಬಿಳಿ ಬಟ್ಟೆಯುಟ್ಟು ಬರಿಗಾಲಲ್ಲಿ ದಡಕ್ಕೆ ಬಂದು ನಿಂತಿದ್ದ. ಹುಡುಗನೊಬ್ಬ ಛತ್ರಿ ಹಿಡಿದಿದ್ದ, ಎದುರಿಗೆ ಬೆಂಕಿ ಉರಿಯುತ್ತಿತ್ತು. ಅಲೆ ತಂದು ಹಾಕಿದ ಸಾಮಾನನ್ನು ಜನ ದೋಚದಂತೆ ಅವನ ಕಾವಲುಗಾರರು ಅಟ್ಟುತ್ತಿದ್ದರು. ಮಲಬಾರಿನ ಬೇರೆ ಕಡೆ ಒಡೆದ ಹಡಗಿನ ಮಾಲು ಅರಸನ ಬೊಕ್ಕಸಕ್ಕೆ. ಈ ಒಂದು ಊರಿನಲ್ಲಿ ಮಾತ್ರ ಅದು ಮಾಲೀಕನಿಗೇ ಸೇರುತ್ತದೆ, ಆದ್ದರಿಂದಲೇ ಈ ಬಂದರು ಇಷ್ಟು ಬೆಳೆದಿದೆ ಎಂದು ಅವನು ಹೇಳುತ್ತಾನೆ. ಬಿರುಗಾಳಿಯ ಕಾಲದಲ್ಲಿ ನ್ಯಾಯವಾಗಿ ನಡೆದುಕೊಂಡ ಊರಿಗೆ ವರ್ತಕರು ಬರುತ್ತಾರೆ ಎಂಬ ಅರ್ಥಶಾಸ್ತ್ರ ಅದು.

ಆ ರಾತ್ರಿಯ ಇನ್ನೊಂದು ಸಂಗತಿಯನ್ನು ಅವನು ನಾಲ್ಕೈದು ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ. ವರ್ತಕನೊಬ್ಬನ ದಾಸಿ ಮುರಿದ ಜಂಕಿನ ಹಿಂಭಾಗದ ಹಲಗೆ ಹಿಡಿದು ನೇತಾಡುತ್ತಿದ್ದಳು. ಅವಳನ್ನು ತಂದವರಿಗೆ 10 ಚಿನ್ನದ ದೀನಾರು ಎಂದು ಅವನು ಕೂಗಿದ. ಹುರ್ಮುಜ್‌ನ ನಾವಿಕನೊಬ್ಬ ನೀರಿಗಿಳಿದು ಅವಳನ್ನು ತಂದ. ಹಣ ಮುಟ್ಟಲಿಲ್ಲ, ಅಲ್ಲಾಹನಿಗಾಗಿ ಮಾಡಿದೆ ಎಂದ. ಅವನ ಹೆಸರು ಪುಸ್ತಕದಲ್ಲಿಲ್ಲ. ದೊಡ್ಡ ಜಂಕಿಗೆ ಆದದ್ದನ್ನು ಕಂಡ ಕಕಮ್‌ನ ನಾವಿಕರು ಹಾಯಿ ಬಿಚ್ಚಿ ಹೊರಟೇಬಿಟ್ಟರು. ಅದರಲ್ಲಿ ಇಬ್ನ್ ಬತೂತನ ಸಮಸ್ತ ಸಂಪತ್ತೂ, ಅವನಿಂದ ಗರ್ಭಿಣಿಯಾಗಿದ್ದ ದಾಸಿಯೂ ಇದ್ದರು. ಅವನ ಬಳಿ ಉಳಿದದ್ದು 10 ದೀನಾರು ಮತ್ತು ಮಲಗುವ ಒಂದು ಜಮಖಾನ. ಜೊತೆಗಿದ್ದ ಒಬ್ಬ ಗುಲಾಮನನ್ನು ಹಿಂದೆಯೇ ಸ್ವತಂತ್ರಗೊಳಿಸಿದ್ದ. ಅವನೂ ಪರಿಸ್ಥಿತಿ ನೋಡಿ ಹೊರಟುಹೋದ. ಕಕಮ್ ಕೊಲ್ಲಂಗೆ ಬಂದೀತೆಂದು ಹಿನ್ನೀರಿನಲ್ಲಿ 10 ದಿನ ಪಯಣಿಸಿ ಹೋದರೆ ಅಲ್ಲಿ ಹಡಗಿಲ್ಲ. ಆ ಹಡಗನ್ನು ಸುಮಾತ್ರದ ಅರಸ ವಶಪಡಿಸಿಕೊಂಡನೆಂದೂ, ಆ ಹೆಣ್ಣು ಸತ್ತಳೆಂದೂ ಬಹಳ ದಿನಗಳ ಮೇಲೆ ಸುದ್ದಿ ಬಂತು.

ಕಪ್ಪಕಾಣಿಕೆ ಕಳೆದುಕೊಂಡು ದೆಹಲಿಗೆ ಹೋದರೆ ತುಘಲಕ್ ಏನು ಮಾಡಿಯಾನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಹೊನ್ನಾವರ. ಸೋತು ಬಂದವನು ಮಸೀದಿಯಲ್ಲಿ ಕುಳಿತು ದಿನವಿಡೀ ಕುರ್‌ಆನ್ ಓದುತ್ತಿದ್ದ. ಗೋಧಿ ರೊಟ್ಟಿಯ ನಾಡಿನವನು ಇಲ್ಲಿ 11 ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನ ಉಂಡ. ತಾಮ್ರದ ತಟ್ಟೆಯಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಓದುವ ನಮಗೆ ಬಾಯಲ್ಲಿ ನೀರು. ಅವನಿಗೆ ಮಾತ್ರ ಮೂರು ವರ್ಷ ಅನ್ನ ತಿಂದು ತಿಂದು ಕೊನೆಗೆ ನೀರು ಕುಡಿಯದೆ ಗಂಟಲಲ್ಲಿ ಇಳಿಯದಂತಾಯಿತಂತೆ. ಆಮೇಲೆ ಜಮಾಲುದ್ದೀನ್ 52 ಹಡಗುಗಳೊಂದಿಗೆ ಸಂದಾಬೂರಿನ ಮೇಲೆ ದಂಡೆತ್ತಿ ಹೋದಾಗ ಇವನೂ ಹೋದ. ಗೆದ್ದ ಮೇಲೆ ಸೆರೆಸಿಕ್ಕ ಹೆಣ್ಣೊಬ್ಬಳು ಇವನ ಪಾಲಿಗೆ ಬಂದಳು. ಅವಳ ಹೆಸರು ಲಮ್ಕಿ ಎಂದು ಬರೆಸಿದ್ದಾನೆ. ನಮ್ಮ ಕಿವಿಗೆ ಅದು ಲಕ್ಕಿ, ಲಕ್ಷ್ಮಿ ಎಂದೇ ಕೇಳುತ್ತದೆ. ಇವನು 'ಮುಬಾರಕಾ' ಎಂದು ಹೆಸರು ಬದಲಿಸಿದ. ಗಂಡ ಬಂದು ಬಿಡುಗಡೆಯ ಹಣ ಕೊಡುತ್ತೇನೆ, ಹೆಂಡತಿಯನ್ನು ಬಿಟ್ಟುಕೊಡಿ ಎಂದು ಕೇಳಿದ. ಇವನು ಒಪ್ಪಲಿಲ್ಲ. ಮುಂದಿನ ವಾಕ್ಯದಲ್ಲಿ ಬೇರೆ ವಿಷಯ. 13 ಹೆಣ್ಣುಮಕ್ಕಳ ಶಾಲೆಯನ್ನು ಸಭೆಯಲ್ಲಿ ಹೇಳುವ ನಾವು ಈ ಒಂದು ಸಾಲನ್ನು ಎಂದೂ ಹೇಳಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಆ ಕಾಲದ ಯುದ್ಧಗಳ ರೀತಿ ಎನ್ನಬಹುದು, ಎಲ್ಲ ಧರ್ಮದ ಅರಸರೂ ಹಾಗೆಯೇ ಮಾಡುತ್ತಿದ್ದರು ಎನ್ನಬಹುದು. ಆದರೆ ಹೆಂಡತಿಯನ್ನು ಕೇಳಲು ಬಂದು ಬರಿಗೈಯಲ್ಲಿ ಹೋದ ಆ ಮನುಷ್ಯನಿಗೆ ಈ ಉತ್ತರ ಸಾಲದು.

ಸಂದಾಬೂರೂ ಕೈಬಿಡುವ ಸ್ಥಿತಿ ಬಂದಾಗ ಅವನು ಕಲ್ಲಿಕೋಟೆಗೆ ಬಂದು, ಹೆಸರು ಮಾತ್ರ ಕೇಳಿದ್ದ ದ್ವೀಪಗಳತ್ತ ಹೊರಟ. 10 ದಿನದ ಪಯಣ. 1343ರ ಕೊನೆಯ ಹೊತ್ತಿಗೆ ಮಾಲ್ದೀವ್ಸ್ ತಲುಪಿದ. ಆಗ ಅಲ್ಲಿ ಆಳುತ್ತಿದ್ದವಳು ಸುಲ್ತಾನಾ ಖದೀಜಾ. ಶುಕ್ರವಾರದ ಖುತ್ಬಾದಲ್ಲಿ ಅವಳ ಹೆಸರು ಓದುತ್ತಿದ್ದರು. ಅಧಿಕಾರ ನಡೆಸುತ್ತಿದ್ದವನು ಅವಳ ಗಂಡ, ವಜೀರ ಜಮಾಲುದ್ದೀನ್. ಈ ದ್ವೀಪಗಳ ವಿವರ ಓದುವಾಗ ಇಬ್ನ್ ಬತೂತ ನಿಜಕ್ಕೂ ಎಂಥ ನೋಟಗಾರ ಎಂದು ತಿಳಿಯುತ್ತದೆ. ಕವಡೆಯೇ ಅಲ್ಲಿನ ಹಣ; ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದೀನಾರು. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಾರೆ. ತೆಂಗಿನ ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ಕೊಳೆಹಾಕಿ, ಬಡಿದು, ಹೆಂಗಸರು ಹುರಿ ಹೊಸೆಯುತ್ತಾರೆ. ಆ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಾರೆ. ಏಕೆಂದರೆ ಆ ಕಡಲಿನಲ್ಲಿ ಬಂಡೆಗಳು ಹೆಚ್ಚು; ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ಬದುಕುತ್ತದೆ. ಇಂಥ ಮಾತನ್ನು ಪುಸ್ತಕ ಓದಿ ಬರೆಯಲಾಗುವುದಿಲ್ಲ.

ಖಾಜಿಯಾಗಿ ಮಾತ್ರ ಅವನು ಹುರಿಯಂತಲ್ಲ, ಮೊಳೆಯಂತೆ ನಡೆದುಕೊಂಡ. ಜುಮಾಕ್ಕೆ ಬಾರದವರನ್ನು ಹೊಡೆಸಿ ಮೆರವಣಿಗೆ ಮಾಡಿಸಿದ. ಕಳ್ಳನೊಬ್ಬನ ಕೈ ಕತ್ತರಿಸಲು ಹೇಳಿದಾಗ ಸಭೆಯಲ್ಲಿದ್ದ ದ್ವೀಪದವರು ಹಲವರು ಮೂರ್ಛೆ ಹೋದರು. ಸೊಂಟದ ಮೇಲೆ ಬಟ್ಟೆ ಹಾಕುವ ರೂಢಿಯಿಲ್ಲದ ಹೆಂಗಸರಿಗೆ ಮೈ ಮುಚ್ಚಿಸಲು ಹೋಗಿ ಸೋತ. ನ್ಯಾಯ ಕೇಳಲು ಎದುರಿಗೆ ಬರುವವರಾದರೂ ಮೈ ಮುಚ್ಚಿಕೊಂಡು ಬರಲಿ ಎಂಬಷ್ಟಕ್ಕೇ ತೃಪ್ತಿಪಡಬೇಕಾಯಿತು. ಅವರೂ ಮುಸ್ಲಿಮರೇ, ಸುಮಾರು ಇನ್ನೂರು ವರ್ಷಗಳಿಂದ. ಇವನದ್ದು ಮಗ್ರಿಬಿನ ಇಸ್ಲಾಮು, ಅವರದ್ದು ತೆಂಗಿನ ನೆರಳಿನ ಇಸ್ಲಾಮು. ಹೊರಗಿನಿಂದ ಬಂದ ವಿದ್ವಾಂಸರು ಊರಿನವರ ದೀನನ್ನು ತಿದ್ದಲು ಹೊರಡುವ ದೃಶ್ಯ ನಮ್ಮ ಓದುಗರಿಗೆ ಹೊಸದೇನಲ್ಲ. ಅಲ್ಲಿ ನಾಲ್ವರನ್ನು ಮದುವೆಯಾದ. ದೊಡ್ಡ ಮನೆತನಗಳ ನಂಟಸ್ತಿಕೆ ಬೆಳೆಯಿತು. ಅದರಿಂದಲೇ ವಜೀರನಿಗೆ ಅನುಮಾನವೂ ಬಂತು. 1344ರಲ್ಲಿ ಜಗಳವಾಡಿ ಹೊರಟ. ಹೆಂಡತಿಯರಿಗೆ ತಲಾಕು ಕೊಟ್ಟ. ಒಬ್ಬಳು ಗರ್ಭಿಣಿ, ಒಂಬತ್ತು ತಿಂಗಳೊಳಗೆ ತಾನು ಮರಳದಿದ್ದರೆ ಅವಳು ಸ್ವತಂತ್ರಳು ಎಂದು ಗಡುವು ಇಟ್ಟ.

ಹೀಗೆ ದ್ವೀಪದಿಂದ ದ್ವೀಪಕ್ಕೆ ಹಾರುತ್ತ ಹೋಗುವಾಗ ಒಂದು ಪುಟ್ಟ ದ್ವೀಪ ಸಿಕ್ಕಿತು. ಅಲ್ಲಿ ಇದ್ದದ್ದು ಒಂದೇ ಮನೆ. ನೇಕಾರ, ಅವನ ಹೆಂಡತಿ, ಮಕ್ಕಳು, ಕೆಲವು ತೆಂಗು, ಕೆಲವು ಬಾಳೆ, ಮೀನು ಹಿಡಿಯಲು ಮತ್ತು ಬೇರೆ ದ್ವೀಪಗಳಿಗೆ ಹೋಗಲು ಒಂದು ಪುಟ್ಟ ದೋಣಿ. ಹಕ್ಕಿಗಳೆಂದರೆ ಎರಡು ಕಾಗೆ. ಅವು ಹಾರಿ ಬಂದು ಇವರ ಹಡಗಿಗೆ ಸುತ್ತು ಹಾಕಿದವು. ಸುಲ್ತಾನರ ಸಿಂಹಾಸನಗಳನ್ನು ಕಂಡು ಬೆರಗಾಗದ ಮನುಷ್ಯ ಇಲ್ಲಿ ಮಾತ್ರ, ಈ ನೇಕಾರನನ್ನು ಕಂಡು ಹೊಟ್ಟೆಕಿಚ್ಚಾಯಿತು, ಈ ದ್ವೀಪ ನನ್ನದಾಗಿದ್ದರೆ ಸಾಯುವವರೆಗೆ ಇಲ್ಲೇ ಇದ್ದುಬಿಡುತ್ತಿದ್ದೆ ಎಂಬ ಅರ್ಥದ ಮಾತು ಹೇಳುತ್ತಾನೆ. ನಮ್ಮ ಮಟ್ಟಿಗೆ ಇಡೀ ರಿಹ್ಲಾದಲ್ಲಿ ಇದಕ್ಕಿಂತ ಒಳ್ಳೆಯ ಪುಟವಿಲ್ಲ. ಆ ನೇಕಾರ ತನ್ನ ಬಟ್ಟೆಯನ್ನು ಯಾರಿಗೆ ಮಾರುತ್ತಿದ್ದನೋ, ಅವನಿಗೆ ಇವನನ್ನು ಕಂಡು ಹೊಟ್ಟೆಕಿಚ್ಚಾಯಿತೋ ಇಲ್ಲವೋ! ಕಥೆ ಬರೆಯುವವರಿಗೆ ಒಂದು ಇಡೀ ಕಥೆಯನ್ನು ಅವನು ಬಿಟ್ಟು ಹೋಗಿದ್ದಾನೆ. ಮರುದಿನ ಅವನು ಅಲ್ಲಿ ಉಳಿಯಲಿಲ್ಲ, ಮುಲೂಕ್ ಎಂಬ ದ್ವೀಪಕ್ಕೆ ಹೋಗಿ 70 ದಿನವಿದ್ದು ಇನ್ನಿಬ್ಬರನ್ನು ಮದುವೆಯಾದ!

1344ರ ಆಗಸ್ಟ್ ಕೊನೆಗೆ ಮುಲೂಕ್‌ನಿಂದ ಹಡಗು ಹೊರಟಿತು. ಗುರಿ ಮಅಬರ್, ಅಂದರೆ ತಮಿಳು ಕರಾವಳಿ. ಅವನ ಲೆಕ್ಕದಲ್ಲಿ ಮೂರು ದಿನದ ದಾರಿ; ಗಾಳಿ ತಿರುಗಿ ಒಂಬತ್ತು ದಿನವಾಯಿತು. ಒಂಬತ್ತನೆಯ ದಿನ ಆಕಾಶದಲ್ಲಿ ಹೊಗೆಯ ಕಂಬದಂತೆ ಕಂಡದ್ದು ಸಿಂಹಳದ ಬೆಟ್ಟ. ಅಲ್ಲಿನ ಅರಸನ ಬಂದರು ಅಪಾಯದ್ದೆಂದು ನಾವಿಕರು ಹೆದರಿದರು. ಇವನು ಇಳಿದು ಹೋಗಿ ಆರ್ಯ ಚಕ್ರವರ್ತಿಯ ಮುಂದೆ ಒಂದೇ ಕೋರಿಕೆಯಿಟ್ಟ: ಹಜರತ್ ಆದಮರ ಪಾದದ ಗುರುತಿನ ಬೆಟ್ಟವೇರಬೇಕು. ಪಾರಸಿ ತಿಳಿದಿದ್ದ ಆ ಹಿಂದೂ ಅರಸ ಪಲ್ಲಕ್ಕಿ ಕೊಟ್ಟ. ಪ್ರತಿವರ್ಷ ಬೆಟ್ಟಕ್ಕೆ ಹೋಗುವ ನಾಲ್ವರು ಜೋಗಿಗಳನ್ನೂ ಮೂವರು ಬ್ರಾಹ್ಮಣರನ್ನೂ ಜೊತೆಗೆ ಕಳಿಸಿದ. ಒಂದೇ ಗುರುತಿಗೆ ಮುಸ್ಲಿಮರು ಆದಮರ ಪಾದ, ಬೌದ್ಧರು ಬುದ್ಧನ ಪಾದ, ಹಿಂದೂಗಳು ಶಿವನ ಪಾದ ಎನ್ನುತ್ತಾರೆ. ಕಬ್ಬಿಣದ ಸರಪಳಿ ಹಿಡಿದು ಎಲ್ಲರೂ ಒಂದೇ ಬೆಟ್ಟ ಹತ್ತುತ್ತಿದ್ದರು. ಗಾಳಿ ನೆಟ್ಟಗೆ ಬೀಸಿದ್ದರೆ ಈ ಅಧ್ಯಾಯ ಇರುತ್ತಿರಲಿಲ್ಲ.

ಸಿಂಹಳದಿಂದ ಮಅಬರ್‌ಗೆ ಹೊರಟಾಗ ಗಾಳಿ ಜೋರಾಗಿ ನೀರು ಹಡಗಿನೊಳಗೆ ನುಗ್ಗುವಂತಾಯಿತು. ದಾರಿ ಬಲ್ಲ ನಾವಿಕ ಇರಲಿಲ್ಲ. ಬಂಡೆಗಳಿಂದ ಕೂದಲೆಳೆಯಲ್ಲಿ ಪಾರಾಗಿ ಕೊನೆಗೆ ಆಳವಿಲ್ಲದ ನೀರಿನಲ್ಲಿ ಹಡಗು ಕಚ್ಚಿಕೊಂಡಿತು. ಜನ ಒಬ್ಬರಿಗೊಬ್ಬರು ವಿದಾಯ ಹೇಳತೊಡಗಿದರು. ಕೂವೆಮರ ಕಡಿದು ಎಸೆದರು. ನಾವಿಕರು ಹಲಗೆಗಳನ್ನು ಕಟ್ಟಿ ತೆಪ್ಪ ಮಾಡಿದರು. ದಡ ಎರಡು ಫರ್ಸಖ್ ದೂರ, ಅಂದರೆ ಏಳೆಂಟು ಮೈಲಿ. ಇಬ್ನ್ ಬತೂತ ಇಳಿಯಲು ಹೊರಟಾಗ ಜೊತೆಗಿದ್ದ ಇಬ್ಬರು ಗೆಳೆಯರು, ನಮ್ಮನ್ನು ಬಿಟ್ಟು ಹೋಗುತ್ತೀರಾ ಎಂದರು. ಇಬ್ಬರು ದಾಸಿಯರೂ ಜೊತೆಗಿದ್ದರು. ತೆಪ್ಪದಲ್ಲಿ ಎಲ್ಲರಿಗೂ ಜಾಗವಿಲ್ಲ. ಅವನು ಗೆಳೆಯರನ್ನೂ ತನಗೆ ಪ್ರಿಯಳಾದ ದಾಸಿಯನ್ನೂ ಕಳಿಸಿ ತಾನು ಉಳಿದ. ಆಗ ಇನ್ನೊಬ್ಬಳು, ಪ್ರಿಯಳಲ್ಲದವಳು, ನನಗೆ ಈಜು ಚೆನ್ನಾಗಿ ಬರುತ್ತದೆ, ತೆಪ್ಪದ ಹಗ್ಗ ಹಿಡಿದು ಈಜಿಕೊಂಡು ಹೋಗುತ್ತೇನೆ ಎಂದಳು. ಹಾಗೆಯೇ ಹೋದಳು.

ನಾವು ಈ ಪುಟದಲ್ಲಿ ಪ್ರತಿಸಲ ನಿಂತುಬಿಡುತ್ತೇವೆ. ಅವನು ಮಾಡಿದ್ದು ದೊಡ್ಡತನವೇ. ಮುಳುಗುವ ಹಡಗಿನಲ್ಲಿ ತಾನು ಉಳಿದು ಬೇರೆಯವರನ್ನು ಕಳಿಸುವುದು ಎಲ್ಲರಿಂದ ಆಗುವುದಲ್ಲ. ಆದರೆ ಆ ದೊಡ್ಡತನದ ಲೆಕ್ಕದಲ್ಲೂ ಒಬ್ಬಳಿಗೆ ಜಾಗವಿರಲಿಲ್ಲ. ಅವಳು ತನ್ನ ಜಾಗವನ್ನು ತಾನೇ, ಕೈಗಳ ಬಲದಿಂದ, ನೀರಿನಲ್ಲಿ ಮಾಡಿಕೊಂಡಳು. ಯಾವ ನದಿಯಲ್ಲಿ, ಯಾವ ಊರಿನ ಕೆರೆಯಲ್ಲಿ ಈಜು ಕಲಿತಿದ್ದಳೋ! ಗುಲಾಮಳಾಗುವ ಮೊದಲು ಅವಳಿಗೂ ಒಂದು ಬಾಲ್ಯವಿತ್ತು ಎಂಬುದಕ್ಕೆ ಈ ಈಜೊಂದೇ ಸಾಕ್ಷಿ. ರಾತ್ರಿಯಿಡೀ ಅವನು ಹಡಗಿನ ಹಿಂಭಾಗದ ಎತ್ತರದಲ್ಲಿ ಕುಳಿತಿದ್ದ. ಬೆಳಗಾದ ಮೇಲೆ ದೋಣಿಯಲ್ಲಿ ಬಂದು ಅವನನ್ನು ದಡ ಸೇರಿಸಿದವರು ಊರಿನ ಹಿಂದೂಗಳು. ಅವನ ಪುಸ್ತಕದಲ್ಲಿ ಅವರು 'ಕಾಫಿರರು', ಅಷ್ಟೆ. ಒಡೆದ ಹಡಗಿನವರ ಧರ್ಮ ಯಾವುದೆಂದು ಅವರು ಮೊದಲು ಕೇಳಿದಂತಿಲ್ಲ.

ಮಅಬರ್‌ನ ಸುಲ್ತಾನ ಗಿಯಾಸುದ್ದೀನ್ ದಾಮ್ಗಾನಿ ಇವನ ಷಡ್ಡಕ. ಇಬ್ಬರೂ ಕೂಡಿ ಮಾಲ್ದೀವ್ಸ್ ಮೇಲೆ ದಂಡೆತ್ತಿ ಹೋಗುವ ಯೋಜನೆ ಹಾಕಿದರು. ಹೊರಡುವ ಮುಂಚೆಯೇ ದ್ವೀಪದ ಕೆಲವು ಅಧಿಕಾರಿಗಳೊಂದಿಗೆ, ಬಿಳಿ ಬಾವುಟ ಕಂಡಾಗ ಬಂಡೇಳಬೇಕೆಂದು ಅವನು ಗುಟ್ಟಿನ ಒಪ್ಪಂದ ಮಾಡಿಕೊಂಡಿದ್ದ. ವಜೀರನ ಅನುಮಾನ ಸುಳ್ಳಾಗಿರಲಿಲ್ಲ. ಆದರೆ ನೌಕಾಧಿಪತಿ, ಇನ್ನು ಮೂರು ತಿಂಗಳು ಆ ದ್ವೀಪಗಳಿಗೆ ಹಡಗು ಹೋಗಲಾಗದು ಎಂದ. ಕಡಲು ಮುಚ್ಚಿತ್ತು. ಅದು ತೆರೆಯುವ ಮೊದಲು ಮಧುರೆಯಲ್ಲಿ ಮಾರಿರೋಗ ಬಂದು ಜನ ಸತ್ತರು, ಸುಲ್ತಾನನೂ ಸತ್ತ. ಈ ಸುಲ್ತಾನ ಹೆಂಗಸರು, ಮಕ್ಕಳನ್ನೂ ಕೊಲ್ಲಿಸುತ್ತಿದ್ದುದನ್ನು ಕಣ್ಣಾರೆ ಕಂಡು ಇಬ್ನ್ ಬತೂತ ಅಸಹ್ಯಪಟ್ಟಿದ್ದಾನೆ, ಅದಕ್ಕಾಗಿಯೇ ಅವನ ಸಾವು ಬೇಗ ಬಂತೆಂದು ಬರೆಸಿದ್ದಾನೆ. ಅಂಥವನ ಸೈನ್ಯ, ಕೈ ಕತ್ತರಿಸುವ ಮಾತಿಗೇ ಮೂರ್ಛೆ ಹೋಗುವ ಜನರ ದ್ವೀಪಕ್ಕೆ ಇಳಿದಿದ್ದರೆ! ಅಲ್ಲಿನವರಿಗೆ ಈ ವಿಷಯ ಗೊತ್ತಾಗಿತ್ತೋ ಇಲ್ಲವೋ, ಅವರನ್ನು ಉಳಿಸಿದ್ದು ತಿರುಗಿದ ಗಾಳಿ. ಇವನಿಗೂ ಜ್ವರ ಬಂದು ಸಾಯುವಂತಾಗಿ, ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ಕುಡಿದು ಬದುಕಿಕೊಂಡ.

ಕೊಲ್ಲಂನಲ್ಲಿ ಮೂರು ತಿಂಗಳು ನರಳಿ ಮತ್ತೆ ಹೊನ್ನಾವರದ ಕಡೆ ಹೊರಟ. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಒಂದು ಪುಟ್ಟ ದ್ವೀಪದ ಬಳಿ 12 ಕಡಲುಗಳ್ಳರ ಹಡಗುಗಳು ಸುತ್ತುವರಿದವು. ಸಿಂಹಳದ ಅರಸ ಕೊಟ್ಟ ಮಾಣಿಕ್ಯ, ಬಟ್ಟೆಬರೆ, ಎಲ್ಲವನ್ನೂ ಕಿತ್ತುಕೊಂಡು ಒಂದು ಇಜಾರಿನಲ್ಲಿ ನಮ್ಮ ದಡಕ್ಕೆ ಬಿಟ್ಟರು. ಮಾಣಿಕ್ಯ ಹೋದದ್ದಕ್ಕೆ ನಮಗೆ ದುಃಖವಿಲ್ಲ. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಅವನು ನಕಲು ಮಾಡಿಕೊಂಡಿದ್ದ. ಹಿಂದೂಸ್ತಾನದ ಕಡಲಿನಲ್ಲಿ ದರೋಡೆಯಾದಾಗ ಅವೂ ಹೋದವು ಎಂದು ಬೇರೊಂದು ಕಡೆ ಹೇಳುತ್ತಾನೆ. ಮೊರಾಕ್ಕೊಗೆ ಮರಳಿ, ಸುಲ್ತಾನ ಅಬೂ ಇನಾನನ ಆಜ್ಞೆಯಂತೆ ಇಬ್ನ್ ಜುಜಯ್ ಎಂಬ ಲೇಖಕನಿಗೆ ಹೇಳಿ ಬರೆಸಿ ಮುಗಿಸಿದ್ದು 1355ರ ಡಿಸೆಂಬರ್‌ನಲ್ಲಿ. ಅಂದರೆ 30 ವರ್ಷಗಳ ಅಲೆದಾಟದ ಬಹುಭಾಗ ಬರೀ ನೆನಪಿನಿಂದ ಬಂದದ್ದು. ದಿನಾಂಕಗಳು ಒಂದಕ್ಕೊಂದು ಹೊಂದುವುದಿಲ್ಲ. ಅರಬಸ್ತಾನದ ಕೆಲವು ವರ್ಣನೆಗಳನ್ನು ಇಬ್ನ್ ಜುಬೈರ್‌ನ ಹಳೆಯ ಗ್ರಂಥದಿಂದ ತುಂಬಿಸಲಾಗಿದೆ. ಚೀನಾದ ಭಾಗವನ್ನು ಇವತ್ತಿಗೂ ವಿದ್ವಾಂಸರು ಅನುಮಾನದಿಂದ ನೋಡುತ್ತಾರೆ. ಅವನ ಕಾಲದಲ್ಲೇ ಜನ ಇವನು ಬುರುಡೆ ಬಿಡುತ್ತಾನೆ ಎಂದು ಪಿಸುಗುಟ್ಟಿದ್ದರು. ಇಬ್ನ್ ಖಲ್ದೂನ್ ತನ್ನ 'ಮುಖದ್ದಿಮಾ'ದಲ್ಲಿ ಇದನ್ನು ದಾಖಲಿಸಿ, ವಜೀರನೊಬ್ಬ ತನಗೆ ಹೇಳಿದ ದೃಷ್ಟಾಂತ ಕೊಡುತ್ತಾನೆ: ಸೆರೆಮನೆಯಲ್ಲೇ ಬೆಳೆದ ಹುಡುಗನಿಗೆ ಕುರಿ ಎಂದರೂ, ಹಸು ಎಂದರೂ ಅದು ಇಲಿಯಂತೆ ಇರುತ್ತದೆಯೇ ಎಂಬ ಪ್ರಶ್ನೆ, ಏಕೆಂದರೆ ಅವನು ಕಂಡ ಪ್ರಾಣಿ ಅದೊಂದೇ. ಕಾಣದ್ದನ್ನೆಲ್ಲ ಸುಳ್ಳೆನ್ನಬೇಡ ಎಂಬುದು ಆ ವಜೀರನ ಮಾತು. ನಮಗೆ ಅನಿಸುವುದು ಇಷ್ಟು: ತೆಂಗಿನ ಹುರಿ, ಎರಡು ಕಾಗೆ, ಈಜಿದ ದಾಸಿ, ಹಣ ಬೇಡವೆಂದ ಹುರ್ಮುಜ್‌ನವನು, ಹುಣಸೆಯ ನೀರು, ಇವು ಜಂಬಕ್ಕಾಗಿ ಕಟ್ಟಿದವಲ್ಲ. ಜಂಬಕ್ಕೆ ಇವುಗಳಿಂದ ಲಾಭವಿಲ್ಲ.

ದೋಚಿಸಿಕೊಂಡವನು ಕಲ್ಲಿಕೋಟೆಯ ಮಸೀದಿ ಹೊಕ್ಕಾಗ ಒಬ್ಬರು ಅಂಗಿ ಕೊಟ್ಟರು, ಖಾಜಿ ಪೇಟ ಕಳಿಸಿದರು, ವರ್ತಕನೊಬ್ಬ ಇನ್ನೊಂದು ನಿಲುವಂಗಿ. ಅಲ್ಲೇ ತಿಳಿದದ್ದು: ಮಾಲ್ದೀವ್ಸ್‌ನಲ್ಲಿ ಗರ್ಭಿಣಿಯಾಗಿದ್ದ ಹೆಂಡತಿ ಗಂಡುಮಗು ಹೆತ್ತಿದ್ದಾಳೆ. ಇದಕ್ಕೂ ಮೊದಲು, ಡಮಾಸ್ಕಸ್ಸಿನಲ್ಲಿ ಬಿಟ್ಟುಬಂದಿದ್ದ ಹೆಂಡತಿಯೊಬ್ಬಳು ಮಗನನ್ನು ಹೆತ್ತ ಸುದ್ದಿ ಹಿಂದೂಸ್ತಾನದಲ್ಲಿದ್ದಾಗ ಬಂದಿತ್ತು. ಆಗ ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರು ಕಳಿಸಿದ್ದ. 1348ರಲ್ಲಿ ಡಮಾಸ್ಕಸ್ಸಿಗೆ ಮರಳಿ ಮಸೀದಿಯಲ್ಲಿ ವಿಚಾರಿಸಿದರೆ, ಆ ಮಗು ಸತ್ತು 12 ವರ್ಷವಾಯಿತು ಎಂದರು. ತಾಂಜಿಯರ್‌ನಲ್ಲಿ ತಂದೆ ತೀರಿಕೊಂಡು 15 ವರ್ಷವಾಗಿತ್ತು. ಮೊರಾಕ್ಕೊ ತಲುಪುವ ಹೊತ್ತಿಗೆ ತಾಯಿಯನ್ನು ಪ್ಲೇಗು ಒಯ್ದಿತ್ತು.

ಮಾಲ್ದೀವ್ಸ್‌ನ ಮಗುವನ್ನು ಮಾತ್ರ ಅವನು ನೋಡಿದ. ಕಲ್ಲಿಕೋಟೆಯಿಂದ 10 ದಿನ ಪಯಣಿಸಿ ಹೋದ. ಮಗನನ್ನು ಜೊತೆಗೆ ಕರೆದೊಯ್ಯಬೇಕೆಂಬುದು ಮನಸ್ಸಿನಲ್ಲಿತ್ತು. ತಾಯಿ ವಜೀರನ ಬಳಿ ಹೋಗಿ ದೂರಿದಳು. ಹುಡುಗನನ್ನು ತಂದು ತೋರಿಸಿದರು. ಇವರೊಂದಿಗೆ ಇರುವುದೇ ಇವನಿಗೆ ಒಳ್ಳೆಯದು ಎನಿಸಿ ಮರಳಿ ಕೊಟ್ಟ. ಐದು ದಿನ ಅಲ್ಲಿದ್ದ. ಆಮೇಲೆ ಹಡಗು ಬಂಗಾಳದ ಕಡೆ ತಿರುಗಿತು. 43 ದಿನದ ಆ ಪಯಣದಲ್ಲಿ ಬಿರುಗಾಳಿಯ ಮಾತೇ ಇಲ್ಲ.